ಇವಳು ಎಷ್ಟನೆಯವಳು?

ನಮ್ಮ ಅಜ್ಜಿ ಯಾರನ್ನೂ ಸುಮ್ಮನೆ ದಾಟಿ ಹೋಗಲು ಬಿಟ್ಟವಳಲ್ಲ. ಇಟ್ಟಮಡುವಿನ ನಮ್ಮ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು, ರಸ್ತೆಯಲ್ಲಿ ಹೋಗುವವರಿಗೆಲ್ಲ ಒಂದೊಂದು ಪ್ರಶ್ನೆ ಹಾಕುತ್ತಿದ್ದಳು. ಬೆಳಗ್ಗೆಯಾದರೆ ತಿಂಡಿ ಆಯ್ತಾ, ಮಧ್ಯಾಹ್ನವಾದರೆ ಊಟ ಆಯ್ತಾ, ಒದ್ದೆ ಕೂದಲು ಹರವಿಕೊಂಡು ಬಂದವಳಿಗೆ ತಲೆಗೆ ನೀರು ಹಾಕ್ಕೊಂಡ್ಯಾ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೊರಟ ಕೆಲಸ ಕೆಡುತ್ತದೆ ಎಂಬುದು ಅವಳ ನಂಬಿಕೆ. ಆದರೆ ಕೇಳದೆಯೂ ಇರಲಾರಳು. ಆದ್ದರಿಂದ 'ದೂರ ಹೊರಟ್ರಾ?' ಎನ್ನುತ್ತಿದ್ದಳು. ಉತ್ತರ ಬಂದರೆ ಸಂತೋಷ, ಬರದಿದ್ದರೆ ಬೇಸರವೇನೂ ಇಲ್ಲ. ನಾವು ನಮಸ್ಕಾರ ಹೇಳುವ ಕಡೆ ಅವಳು ಪ್ರಶ್ನೆ ಕೇಳುತ್ತಿದ್ದಳು, ಅಷ್ಟೆ. ಎಲ್ಲರ ಮನೆಯ ಮಕ್ಕಳ ತಲೆ ಸವರಿ 'ಇವನು ಎಷ್ಟನೆಯವನು?' ಎಂದು ಕೇಳುವುದೂ ಅವಳ ರೂಢಿ. ಅದೇ ಪ್ರಶ್ನೆಯನ್ನು ಬೇರೆ ಯಾರಾದರೂ ನನ್ನ ತಲೆ ಸವರಿ ನನ್ನ ಅಮ್ಮನಿಗೆ ಕೇಳಿದರೆ ಮಾತ್ರ ಅಜ್ಜಿಯ ಮುಖ ಬಿಗಿಯುತ್ತಿತ್ತು.

ಒಂದು ಕಾಲಕ್ಕೆ ನಮ್ಮದು ರಾಗಿ ಬೆಳೆಯುತ್ತಿದ್ದ ಮನೆ. ನನಗೆ ಬುದ್ಧಿ ಬರುವ ಹೊತ್ತಿಗೆ ಹೊಲವೆಲ್ಲ ಬನಶಂಕರಿ ಮೂರನೇ ಹಂತದ ಸೈಟುಗಳಾಗಿ ಹೋಗಿ, ಉಳಿದದ್ದು ಮನೆ, ಮನೆಯ ಮುಂದುಗಡೆ ಅಪ್ಪ ಹಾಕಿಕೊಂಡಿದ್ದ ಹಿಟ್ಟಿನ ಮಿಲ್ಲು, ಹಿತ್ತಿಲಲ್ಲಿ ಒಂದು ಹಸು. ಮನೆಯನ್ನು ಒಟ್ಟಿಗೆ ಕಟ್ಟಿದ್ದಲ್ಲ; ಕೈ ಓಡಿದಾಗಲೆಲ್ಲ ಒಂದೊಂದು ಗೋಡೆ ಎದ್ದಿತ್ತು. ಹಳೆಯ ನಡುಮನೆಗೆ ಹೆಂಚು, ಅದಕ್ಕೆ ಅಂಟಿಕೊಂಡ ಹೊಸ ಹಾಲಿಗೆ ತಾರಸಿ, ತಾರಸಿಯ ಮೇಲೆ ಬಾಡಿಗೆಗೆಂದು ಕಟ್ಟಿಸಿದ ಎರಡು ಕೋಣೆಯ ಮನೆ. ಮಿಲ್ಲು ನಡೆಯುವಾಗ ಅಡುಗೆಮನೆಯ ಪಾತ್ರೆಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಅಪ್ಪನ ಹುಬ್ಬು, ಕಿವಿಯ ಮೇಲಿನ ಕೂದಲು ಸದಾ ಹಿಟ್ಟಿನಿಂದ ಬೆಳ್ಳಗಿರುತ್ತಿತ್ತು. ಮಧ್ಯಾಹ್ನ ಮಿಲ್ಲು ನಿಲ್ಲಿಸಿ ಒಳಗೆ ಬಂದು, ಮುಖ ತೊಳೆದು, ಮುದ್ದೆ ಸೊಪ್ಪಿನ ಸಾರು ಉಂಡು, ಒಂದು ಮಾತೂ ಆಡದೆ ಹೋಗುತ್ತಿದ್ದ. ಕೋಪದ ಮನುಷ್ಯನಲ್ಲ. ಆ ಯಂತ್ರದ ಸದ್ದಿನಲ್ಲಿ ಮಾತಾಡುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿತ್ತು. ಅಪ್ಪ, ನಾನು, ನನಗಿಂತ ಐದು ವರ್ಷ ದೊಡ್ಡವಳಾದ ಸುಧಕ್ಕ, ಆಮೇಲೆ ಅಜ್ಜಿ, ಇಷ್ಟು ಜನ ಉಂಡ ಮೇಲೆ ಅಮ್ಮ ಒಲೆಯ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಳು. ಅವಳಿಗೆ ಊಟ ಆಯ್ತಾ ಎಂದು ಕೇಳಿದವರು ಯಾರೆಂದು ನನಗೆ ನೆನಪಿಲ್ಲ.

ಮದುವೆ ಮನೆಯಲ್ಲೋ ತರಕಾರಿ ಗಾಡಿಯ ಹತ್ತಿರವೋ ಯಾರಾದರೂ ಮಕ್ಕಳೆಷ್ಟು ಎಂದರೆ ಅಪ್ಪ 'ಇಬ್ರು ಹೆಣ್ಮಕ್ಳು' ಎನ್ನುತ್ತಿದ್ದ. ಆದರೆ ನನ್ನನ್ನು ತೋರಿಸಿ ಇವಳು ಎಷ್ಟನೆಯವಳು ಎಂದು ಕೇಳಿದರೆ ಅಮ್ಮ ಹೇಳುತ್ತಿದ್ದದ್ದು ಒಂದೇ ಉತ್ತರ: 'ಮೂರನೆಯವಳು'. ಕೇಳಿದವರು ಸುತ್ತ ನೋಡಿ, ಉಳಿದ ಒಂದು ಮಗು ಎಲ್ಲೋ ಆಡಲು ಹೋಗಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು. ನಾನು ಇದಕ್ಕೆ ನನ್ನದೇ ಒಂದು ಕಾರಣ ಹುಡುಕಿಕೊಂಡಿದ್ದೆ. ಮಿಲ್ಲಿನಲ್ಲಿ ರಾಗಿ ಅಳೆಯುವಾಗ ಮೊದಲ ಸೇರನ್ನು ಒಂದು ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅಮ್ಮ ಬಹುಶಃ ಲಾಭವನ್ನು ಬೇರೆ ಇಟ್ಟು, ಅಲ್ಲಿಂದ ಮುಂದಕ್ಕೆ ನಮ್ಮನ್ನು ಎಣಿಸುತ್ತಾಳೆ ಎಂದುಕೊಂಡಿದ್ದೆ. ಒಮ್ಮೆ ಸಿದ್ದಾಪುರದ ನೆಂಟರ ಮನೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದಾಗಲೇ ಅಪ್ಪ ಎರಡು ಎಂದ, ಅಮ್ಮ ಮೂರನೆಯವಳು ಎಂದಳು. ಬಡಿಸುತ್ತಿದ್ದವಳು ನಕ್ಕಳು. ಮನೆಗೆ ಬಂದ ಮೇಲೆ ಅಜ್ಜಿ, ಇಲ್ಲದ್ದನ್ನು ಎಣಿಸಿದರೆ ಇರುವುದಕ್ಕೆ ಒಳ್ಳೆಯದಾಗುವುದಿಲ್ಲ ಎಂದು ಅಮ್ಮನನ್ನು ಬೈದಳು. ಆದರೆ ಅಮ್ಮ ಮುಂದಿನ ಸಲ ಯಾರೋ ಕೇಳಿದಾಗಲೂ ಮೂರನೆಯವಳು ಎಂದೇ ಹೇಳಿದಳು. ಆ ಮನೆಯಲ್ಲಿ ಅಮ್ಮ ಅತ್ತೆಯ ಮಾತು ಮೀರುತ್ತಿದ್ದದ್ದು ಅದೊಂದರಲ್ಲಿ ಮಾತ್ರ.

ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದರು. ಅಲ್ಲಿ ಮಿಸ್ ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ನಿನಗೆ ಎಷ್ಟು ಜನ ಅಣ್ಣತಮ್ಮಂದಿರು, ಅಕ್ಕತಂಗಿಯರು? ಒಬ್ಬಳು ಅಕ್ಕ ಮಿಸ್. ಅಲ್ಲಿಗೆ ಮುಗಿಯಿತು. ಎಷ್ಟನೆಯವಳು ಎಂದು ಇಂಗ್ಲಿಷಿನಲ್ಲಿ ಕೇಳುವುದು ಹೇಗೆ ಎಂದು ನಾನೇ ಒಮ್ಮೆ ಮಿಸ್ಸನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಗೆ ಕೇಳುವುದಿಲ್ಲಮ್ಮ, ನೀನು ಎಲ್ಲರಿಗಿಂತ ದೊಡ್ಡವಳೋ ಚಿಕ್ಕವಳೋ ಎಂದು ಕೇಳಬೇಕು ಎಂದರು. ನಾನು ಚಿಕ್ಕವಳು. ಇಬ್ಬರಿದ್ದರೂ ಚಿಕ್ಕವಳೇ, ಮೂವರಿದ್ದರೂ ಚಿಕ್ಕವಳೇ. ಅಮ್ಮನ ಮೂರು ಆ ಭಾಷೆಯಲ್ಲಿ ಎಲ್ಲೂ ಕೂರುತ್ತಿರಲಿಲ್ಲ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಮೇಲಿನ ಮನೆಗೆ ಒರಿಸ್ಸಾದ ಗಂಡ ಹೆಂಡತಿ ಬಂದರು. ಗಂಡನಿಗೆ ಕಾರ್ಖಾನೆಯೊಂದರಲ್ಲಿ ಕೆಲಸ. ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ಹೆಂಡತಿಯನ್ನು ನಾವು ರೀನಾ ಆಂಟಿ ಎಂದು ಕರೆಯುತ್ತಿದ್ದೆವು. ಅವರಿಗೆ ಕನ್ನಡ ಬಾರದು, ಅಜ್ಜಿಗೂ ಅಮ್ಮನಿಗೂ ಕನ್ನಡ ಬಿಟ್ಟು ಬೇರೆ ಬಾರದು. ಸುಧಕ್ಕ ಹೊಸಬರ ಮುಂದೆ ಬಾಯಿ ಬಿಡುವವಳಲ್ಲ. ಹೀಗಾಗಿ ಅಜ್ಜಿಯ ಪ್ರಶ್ನೆಗಳನ್ನು ಮೆಟ್ಟಿಲು ಹತ್ತಿಸಿ, ಉತ್ತರಗಳನ್ನು ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ಬಹಳ ಪೇಚಾಟವಾಯಿತು. ಊಟ ಆಯ್ತಾ ಎಂದು ಕೇಳಿದ್ದನ್ನು ಆಂಟಿ ಊಟಕ್ಕೆ ಕರೆದದ್ದು ಎಂದು ತಿಳಿದು, ಸೀರೆ ಬದಲಿಸಿ, ಒಂದು ಬಟ್ಟಲಲ್ಲಿ ಸಿಹಿ ಹಿಡಿದುಕೊಂಡು ಕೆಳಗೆ ಬಂದುಬಿಟ್ಟರು. ಅಮ್ಮ ಗಾಬರಿಯಿಂದ ತನಗೆ ಉಳಿಸಿಕೊಂಡಿದ್ದ ಮುದ್ದೆಯನ್ನೇ ಬಡಿಸಿದಳು. ಆಂಟಿ ಅದನ್ನು ಅಗಿಯತೊಡಗಿದಾಗ ಅಜ್ಜಿ ಎದುರಿಗೆ ಕೂತು, ಸಾರಲ್ಲಿ ಅದ್ದಿ ನುಂಗುವುದು ಹೇಗೆಂದು ತನ್ನ ಗಂಟಲು ತೋರಿಸಿ ಕಲಿಸಿದಳು. ದೂರ ಹೊರಟ್ರಾ ಎಂಬುದಕ್ಕೆ ಆಂಟಿ ಪಾಪ ಪ್ರತಿ ಸಲವೂ ನಿಂತು, ಇಲ್ಲ, ಹತ್ತಿರವೇ, ಟೊಮ್ಯಾಟೊ ತರೋಕೆ ಎಂದು ಪೂರ್ತಿ ವಿವರ ಕೊಡುತ್ತಿದ್ದರು. ಅಜ್ಜಿಗೆ ಅಂಥ ಬಾಡಿಗೆಯವಳು ಹಿಂದೆಂದೂ ಸಿಕ್ಕಿರಲಿಲ್ಲ.

ಕೆಲವು ತಿಂಗಳ ಮೇಲೆ, ಬೆಳಗಿನ ಹೊತ್ತು ಮೇಲಿನಿಂದ ಓಕರಿಕೆಯ ಸದ್ದು ಕೇಳತೊಡಗಿತು. ಅಜ್ಜಿ ಎರಡು ದಿನ ಕಿವಿಗೊಟ್ಟು, ಮೂರನೆಯ ದಿನ ನನ್ನನ್ನು ಕರೆದು, ಆಂಟಿಗೆ ನೀರು ನಿಂತಿದೆಯಾ ಕೇಳಿಕೊಂಡು ಬಾ ಎಂದಳು. ನಮ್ಮ ಕಡೆ ಹೆಂಗಸರು ಮುಟ್ಟು ನಿಂತಿತು ಎನ್ನಲು ನಾಚಿಕೊಂಡು ನೀರು ನಿಂತಿದೆ ಎನ್ನುತ್ತಾರೆ. ನನಗದು ಏನು ಗೊತ್ತು? ಮೇಲೆ ಹೋಗಿ, 'ಆಂಟಿ, ಹ್ಯಾಸ್ ಯುವರ್ ವಾಟರ್ ಸ್ಟಾಪ್ಡ್?' ಎಂದೆ. ಆಗೆಲ್ಲ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದೇ ದಿನ ಬಿಟ್ಟು ದಿನ. ಆಂಟಿ, ಹೌದು, ನಿನ್ನೆಯಿಂದ ಎಂದರು. ನಾನು ಇಳಿದು ಬಂದು ಹಾಗೇ ಒಪ್ಪಿಸಿದೆ. ನಿನ್ನೆ ನಿಂತದ್ದಕ್ಕೆ ಇವತ್ತೇ ವಾಂತಿಯೇ ಎಂದು ಅಜ್ಜಿ ಬಾಯಿಯ ಮೇಲೆ ಬೆರಳಿಟ್ಟುಕೊಂಡಳು. ಅಮ್ಮ ಅವತ್ತು ಸೆರಗು ಬಾಯಿಗೆ ಹಿಡಿದು ನಕ್ಕದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳು ಹಾಗೆ ನಗುವುದನ್ನು ನಾನು ಹೆಚ್ಚು ಕಂಡವಳಲ್ಲ.

ವಿಷಯ ನಿಜವಾಗಿಯೂ ಬಸಿರೇ ಎಂದು ತಿಳಿದ ಮೇಲೆ ಅಜ್ಜಿಯ ಮುಂದಿನ ಪ್ರಶ್ನೆ ಸಿದ್ಧವಾಗಿತ್ತು: ಇದು ಎಷ್ಟನೆಯದು? ನಾನು ಒಂದೊಂದು ಮೆಟ್ಟಿಲಿಗೂ ನಿಂತು ವಾಕ್ಯ ಜೋಡಿಸಿದೆ. ಮಿಸ್ ಹೇಳಿದ ದೊಡ್ಡವಳು ಚಿಕ್ಕವಳು ಇಲ್ಲಿಗೆ ಹೊಂದುತ್ತಿರಲಿಲ್ಲ. ಕೊನೆಗೆ 'ವಿಚ್ ನಂಬರ್ ಬೇಬಿ ಈಸ್ ದಿಸ್?' ಎಂದು ಕೇಳಿದೆ. ಅಕ್ಕಿ ಆರಿಸುತ್ತಿದ್ದ ಆಂಟಿಯ ಕೈ ನಿಂತಿತು. ಬಯ್ಯುತ್ತಾರೇನೋ ಎಂದುಕೊಂಡೆ. ಅವರು ನನ್ನ ಮುಖವನ್ನೇ ನೋಡಿ, ಮೆಲ್ಲಗೆ, ಸೆಕೆಂಡ್ ಎಂದರು. ಇಲ್ಲಿಗೆ ಬಂದ ಮೇಲೆ ಡಾಕ್ಟರು ಬಿಟ್ಟು ಬೇರೆ ಯಾರೂ ತಮ್ಮನ್ನು ಹೀಗೆ ಕೇಳಿಲ್ಲ ಎಂದೂ ಹೇಳಿದರು. ನಾನು ಕೆಳಗೆ ಬಂದು ಎರಡನೆಯದಂತೆ ಎಂದೆ. ಹಾಗಾದರೆ ಮೊದಲನೆಯದು ಎಲ್ಲಿ, ತವರಲ್ಲಿ ಬಿಟ್ಟು ಬಂದವಳೋ ಏನೋ, ಕೇಳಿಕೊಂಡು ಬಾ ಎಂದು ಅಜ್ಜಿ ನನ್ನನ್ನು ಮತ್ತೆ ಹತ್ತಿಸಿದಳು. ಆಂಟಿ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟರು. 'ಶೀ ಈಸ್ ನಾಟ್ ದೇರ್' ಎಂದರು. ನಾನು ಬಾಗಿಲಲ್ಲಿ ನಿಂತು ಅದನ್ನು ಕನ್ನಡಕ್ಕೆ ತಿರುಗಿಸಿದೆ: 'ಇಲ್ವಂತೆ.'

ಒರಿಸ್ಸಾದಲ್ಲಿಲ್ಲ, ಬೇರೆಲ್ಲೋ ಇದೆ ಎಂಬ ಅರ್ಥದಲ್ಲಿ ನಾನು ಹೇಳಿದ್ದೆ. ಅಜ್ಜಿ ಎಲೆಯಡಿಕೆಯ ಚೀಲ ಹುಡುಕತೊಡಗಿದಳು. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದವಳು ಎದ್ದು, ಸೆರಗಲ್ಲಿ ಕೈ ಒರೆಸಿಕೊಂಡು, ನನ್ನನ್ನು ಕರೆಯದೆ ಒಬ್ಬಳೇ ಮೆಟ್ಟಿಲು ಹತ್ತಿದಳು. ಬಾಡಿಗೆಯವರ ಮನೆಗೆ ಅಮ್ಮ ಹೋದದ್ದನ್ನು ನಾನು ಕಂಡಿರಲೇ ಇಲ್ಲ. ನಾನೂ ಹಿಂದೆ ಹೊರಟಾಗ ಅಜ್ಜಿ ನನ್ನ ಲಂಗ ಹಿಡಿದು ಕೂರಿಸಿದಳು. ಅಪ್ಪ ಊಟಕ್ಕೆ ಬಂದ, ಅಮ್ಮ ಇರಲಿಲ್ಲ. ಅಜ್ಜಿಯೇ ಬಡಿಸಿದಳು. ಎಲ್ಲಿ ಎಂದು ಅವನು ಕೇಳಲಿಲ್ಲ. ಅಜ್ಜಿಯ ಮುಖ ನೋಡಿ ಉಂಡು ಎದ್ದುಹೋದ.

ಅಂದಿನಿಂದ ಅಮ್ಮನ ಮಧ್ಯಾಹ್ನಗಳು ಮೇಲಿನ ಮನೆಯಲ್ಲಿ ಕಳೆಯತೊಡಗಿದವು. ಅವರಿಬ್ಬರೂ ಏನು ಮಾತಾಡುತ್ತಿದ್ದರು, ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು, ನನಗೆ ಇಂದಿಗೂ ಗೊತ್ತಿಲ್ಲ. ನನ್ನನ್ನು ಅವರು ಕರೆಯುತ್ತಿರಲಿಲ್ಲ. ಶಾಲೆಯಿಂದ ಬಂದು ಕಿಟಕಿಯಲ್ಲಿ ಇಣುಕಿದರೆ ಒಬ್ಬರ ತಲೆ ಒಬ್ಬರು ಬಾಚುತ್ತಲೋ, ಸೊಪ್ಪು ಬಿಡಿಸುತ್ತಲೋ ಕೂತಿರುತ್ತಿದ್ದರು. ಆಂಟಿ ಅಕ್ಕ, ಬನ್ನಿ, ಕೂತ್ಕೊಳ್ಳಿ ಎನ್ನುವಷ್ಟು ಕಲಿತರು. ಅಮ್ಮ ತನಗೆ ತಿಳಿದ ಇಂಗ್ಲಿಷ್ ಪದಗಳ ನಡುವೆ ಕೈ ಬೆರಳುಗಳನ್ನು ಬಳಸುತ್ತಿದ್ದಳು. ನನ್ನ ಕೆಲಸ ಕಿತ್ತುಕೊಂಡರು ಎಂದು ನನಗೆ ಒಂದಿಷ್ಟು ಸಿಟ್ಟೂ ಇತ್ತು.

ಆಂಟಿಗೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಹೋಗುವ ಹಾಗಿರಲಿಲ್ಲ. ಏಳನೆಯ ತಿಂಗಳಲ್ಲಿ ಬಳೆ ತೊಡಿಸುವುದನ್ನು ನಮ್ಮ ಮನೆಯಲ್ಲೇ ಮಾಡೋಣ ಎಂದು ಅಮ್ಮ ಹೇಳಿದಳು. ಅಜ್ಜಿ ಬೇಡವೆನ್ನಲಿಲ್ಲ. ಜಯನಗರದ ನಾಲ್ಕನೇ ಬ್ಲಾಕಿಗೆ ಹೋಗಿ ಹಸಿರು ಗಾಜಿನ ಬಳೆ, ರವಿಕೆ ಕಣ, ಮಲ್ಲಿಗೆ ಹೂವು ತಂದೆವು. ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಮಣೆ ಹಾಕಿ ಆಂಟಿಯನ್ನು ಕೂರಿಸಿದರು. ಪಕ್ಕದ ಮನೆಯ ಗೌರಮ್ಮ ಮತ್ತು ಬೀದಿಯ ನಾಲ್ಕಾರು ಹೆಂಗಸರು ಬಂದಿದ್ದರು. ಅಮ್ಮ ಆಂಟಿಗೆ ಕುಂಕುಮ ಇಟ್ಟು, ಬಳೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಗೋಡೆಗೊರಗಿ ಕೂತಿದ್ದ ಅಜ್ಜಿ ಆಗ ಮಾತಾಡಿದಳು.

'ನೀನು ಬ್ಯಾಡ. ಮೊದಲ್ನೇ ಬಳೆ ಗೌರಮ್ಮ ತೊಡಿಸ್ಲಿ.'

'ಯಾಕತ್ತೆ?'

'ಯಾಕೆ ಅಂತ ನಿಂಗೊತ್ತಿಲ್ವಾ? ಚೊಚ್ಚಲು ಉಳೀದೋರು ತೊಡಿಸ್ಬಾರ್ದು. ಆ ಹುಡುಗೀದೂ ಒಂದು ಹೋಗೈತೆ. ಅವ್ಳ ಒಳ್ಳೇದಕ್ಕೇ ಹೇಳ್ತಾ ಇವ್ನಿ.'

ಚೊಚ್ಚಲು ಎಂಬ ಮಾತನ್ನು ನಾನು ಕೇಳಿದ್ದದ್ದು ನಮ್ಮ ಹಸು ಮೊದಲ ಸಲ ಕರು ಹಾಕಿದಾಗ. ಅಮ್ಮನಿಗೂ ಒಂದು ಚೊಚ್ಚಲು ಇತ್ತು, ಅದು ಸುಧಕ್ಕ ಅಲ್ಲ ಎಂಬುದು ತಲೆಗೆ ಹತ್ತಲು ಒಂದು ಗಳಿಗೆ ಹಿಡಿಯಿತು. ಹತ್ತಿದ ಮೇಲೆ ಅಮ್ಮನ ಕಡೆ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಸುಧಕ್ಕ ತಲೆ ತಗ್ಗಿಸಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು. ಆಂಟಿ ಕೈ ಚಾಚಿಕೊಂಡು ಕೂತವರು, ಎಲ್ಲರ ಮುಖವನ್ನೂ ನೋಡಿ, ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಕೋಣೆಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಹೇಳಬೇಡ ಎಂದು ಯಾರೂ ಹೇಳಲಿಲ್ಲ. ನಾನು, ನನ್ನ ಅಮ್ಮ ತೊಡಿಸಬಾರದಂತೆ, ಏಕೆಂದರೆ ನನ್ನ ಅಮ್ಮನ ಮೊದಲನೆಯ, ಎನ್ನುವಷ್ಟನ್ನು ಇಂಗ್ಲಿಷಿನಲ್ಲಿ ಹೇಗೋ ಹೇಳಿದೆ. ಮುಂದಿನ ಪದ ಬರಲಿಲ್ಲ. ಗಂಡೋ ಹೆಣ್ಣೋ ಕೂಡ ನನಗೆ ಗೊತ್ತಿರಲಿಲ್ಲ.

'ಮಂಜು,' ಎಂದರು ಆಂಟಿ. 'ಐ ನೋ. ಯುವರ್ ಮದರ್ ಟೋಲ್ಡ್ ಮಿ.'

ನನ್ನ ಅಣ್ಣನ ಹೆಸರನ್ನು ನಾನು ಮೊದಲು ಕೇಳಿದ್ದು ಹೀಗೆ, ಒರಿಸ್ಸಾದ ಹೆಂಗಸೊಬ್ಬರ ಬಾಯಿಂದ. ಉಳಿದ ಇಂಗ್ಲಿಷ್ ಯಾರಿಗೂ ಬೇಕಾಗಲಿಲ್ಲ. ಗೌರಮ್ಮ ತುಟಿ ಕಚ್ಚಿಕೊಂಡು ಬೇರೆ ಕಡೆ ನೋಡಿದರು. ಅಜ್ಜಿ ಆ ಹೆಸರು ಕೇಳಿದವಳೇ ಕಣ್ಣು ಮುಚ್ಚಿದಳು. ಆಂಟಿ ಚಾಚಿದ ಕೈಯನ್ನು ಗೌರಮ್ಮನ ಕಡೆ ತಿರುಗಿಸಲಿಲ್ಲ. ಅಮ್ಮನ ಮಡಿಲ ಮೇಲೆ ಇಟ್ಟು, ತಮಗೆ ಬರುತ್ತಿದ್ದ ಕನ್ನಡದಲ್ಲಿ ಹೇಳಿದರು: 'ಅಕ್ಕ, ನೀವು.' ಅಮ್ಮ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಗೋಡೆ ಹಿಡಿದು ಎದ್ದು ಜಗಲಿಗೆ ಹೋದಳು. ಅಮ್ಮ ಒಂದೊಂದೇ ಬಳೆಯನ್ನು, ಗಾಜು ಒಡೆಯದ ಹಾಗೆ ಆಂಟಿಯ ಬೆರಳುಗಳನ್ನು ಒತ್ತಿ ಹಿಡಿದು, ಎರಡೂ ಕೈಗೆ ತೊಡಿಸಿದಳು. ಗೌರಮ್ಮ ತಾವಾಗಿಯೇ ಸೋಬಾನೆ ಪದ ಎತ್ತಿಕೊಂಡರು.

ಆಮೇಲೆ ಅಜ್ಜಿಗೂ ಅಮ್ಮನಿಗೂ ಮಾತು ನಿಂತುಹೋಯಿತು. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಇದ್ದು, ನಡುವೆ ನಾನಿರಬೇಕಾಗಿತ್ತು. ನಿಮ್ಮಜ್ಜಿಗೆ ಕಾಫಿ ಬೇಕಾ ಕೇಳು, ಬೇಡ ಅಂತ ನಿಮ್ಮವ್ವಂಗೆ ಹೇಳು. ಕನ್ನಡದಿಂದ ಕನ್ನಡಕ್ಕೆ ಅರ್ಥ ಹೇಳುವ ಆ ಕೆಲಸ ಇಂಗ್ಲಿಷಿಗಿಂತ ಕಷ್ಟವಾಗಿತ್ತು. ಅಪ್ಪನಿಗೆ ಎಲ್ಲ ತಿಳಿದಿತ್ತು. ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತು, ಯಾರನ್ನೂ ನೋಡದೆ, ಹೆಸರು ಇಟ್ಟಿದ್ದು ನಾನೇ, ಹೇಳಿಕೊಂಡರೆ ತಪ್ಪೇನು ಎಂದ. ಅಜ್ಜಿ ಸಾರಿನ ಪಾತ್ರೆಯನ್ನು ಅವನ ಕಡೆ ಸರಿಸಿದಳು. ಅವಳಿಗೆ ಹಟಕ್ಕಿಂತ ಹೆಚ್ಚಾಗಿ ಭಯವಿತ್ತೆಂದು ಈಗ ನನಗೆ ಅನ್ನಿಸುತ್ತದೆ. ಮೇಲೆ ಆಂಟಿ ಒಂದು ಪಾತ್ರೆ ಬೀಳಿಸಿದರೂ ಅವಳ ಜೀವ ಹಾರುತ್ತಿತ್ತು.

ಆಂಟಿಗೆ ನೋವು ಬಂದದ್ದು ಒಂದು ಬೆಳಗ್ಗೆ. ಅಪ್ಪ ಮಿಲ್ಲು ಮುಚ್ಚಿ ಆಟೋ ತಂದ. ಅಮ್ಮ ಜೊತೆಗೆ ಹೋದಳು. ಅಂದು ಅಜ್ಜಿ ದಿನವಿಡೀ ಜಗಲಿಯಲ್ಲಿ ಕೂತಿದ್ದರೂ ದಾರಿಯಲ್ಲಿ ಹೋದ ಒಬ್ಬರನ್ನೂ ಮಾತಾಡಿಸಲಿಲ್ಲ. ನಾನು ಶಾಲೆಯಿಂದ ಬಂದು ಅವಳ ಪಕ್ಕದಲ್ಲೇ ಕೂತೆ. ಸಂಜೆಯ ಹೊತ್ತಿಗೆ ಗೌರಮ್ಮನ ಮನೆಗೆ ಫೋನು ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಗೌರಮ್ಮ ಹೇಳಿ ಹೋದ ಮೇಲೆ ಅಜ್ಜಿ ಬಹಳ ಹೊತ್ತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ನಾನು ಕೇಳದೆಯೇ, ಹೇಳತೊಡಗಿದಳು. ಮಂಜುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಜ್ವರ ಬಂತು. ಆಸ್ಪತ್ರೆಗೆ ಹೋಗೋಣ ಎಂದು ಅಮ್ಮ ಅಂದಳಂತೆ; ದೃಷ್ಟಿ ತಾಗಿದೆ, ಇಳಿ ತೆಗೆದರೆ ಹೋಗುತ್ತದೆ, ನಾನು ನಿನ್ನ ಗಂಡನನ್ನು ಸಾಕಲಿಲ್ಲವೇ ಎಂದು ಅಜ್ಜಿ ತಡೆದಳಂತೆ. ಮಾರನೆಯ ದಿನ ಮೈ ಕಾದು ಕೆಂಡವಾದಾಗ ಅತ್ತೆ ಸೊಸೆ ಇಬ್ಬರೂ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದರು. ಮಗು ಅಜ್ಜಿಯ ಮಡಿಲಲ್ಲಿತ್ತು.

'ಅರ್ಧ ದಾರೀಲಿ ಹೋಗ್ಬುಟ್ಟ ಕಣವ್ವ, ನನ್ ಮಡಿಲಲ್ಲೇ. ನಂಗೆ ಗೊತ್ತಾಯ್ತು. ಎದುರಿಗೆ ಕೂತಿದ್ದೋಳು ಕೇಳಿದ್ಲು, ಮಗಾ ಮಲಗೈತಾ ಅಂತ. ಹೂಂ ಅಂದೆ. ನಿಮ್ಮವ್ವ ಮಗ್ಗುಲಲ್ಲೇ ಇದ್ಲು, ಅವಳ ಕಡೆ ತಿರುಗಿ ಅವ್ಳಿಗೂ ಅದೇ ಹೇಳ್ದೆ. ಮಲಗವ್ನೆ ಕಣೆ ಅಂದೆ. ಆಸ್ಪತ್ರೆ ಬಾಗಿಲವರೆಗೂ ಅದನ್ನೇ ಹೇಳ್ಕೊಂಡ್ ಹೋದೆ.'

ಇದನ್ನು ಯಾರಿಗೂ ಹೇಳಬೇಡ ಎಂದು ಅವಳು ಹೇಳಲಿಲ್ಲ. ಆದರೂ ನಾನು ಹೇಳಲಿಲ್ಲ. ಆಂಟಿ ಮಗುವನ್ನು ಕರೆದುಕೊಂಡು ಬಂದಾಗ ಅಜ್ಜಿಯೇ ಮೊರದಲ್ಲಿ ಹೊಸ ಬಟ್ಟೆ ಹಾಸಿ ಇಳಿಸಿಕೊಂಡಳು. ಎಣ್ಣೆ ಹಚ್ಚಿ, ಕಾಲುಗಳ ಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸುವಾಗ ಅಮ್ಮ ಬಿಸಿನೀರು ಹೊಯ್ಯಬೇಕಾಗುತ್ತಿತ್ತು. ಇನ್ನೊಂಚೂರು ಹೊಯ್ಯಿ, ಸಾಕು, ಕಣ್ಣಿಗೆ ಬೀಳುತ್ತೆ ನೋಡು ಎಂದು ಶುರುವಾಗಿ ಇಬ್ಬರ ನಡುವೆ ಮಾತು ಮರಳಿತು. ನಾನು ಮತ್ತೆ ಆಟಕ್ಕೆ ಹೋದೆ. ಎರಡು ವರ್ಷದ ಮೇಲೆ ಆ ಗಂಡ ಹೆಂಡತಿ ಬೇರೆ ಊರಿಗೆ ಹೋದರು. ಹೋಗುವಾಗ ಆಂಟಿ ಅಜ್ಜಿಯ ಕಾಲು ಮುಟ್ಟಿದರು, ಅಮ್ಮನನ್ನು ತಬ್ಬಿಕೊಂಡರು.

ಅಜ್ಜಿ ತೀರಿಕೊಂಡಾಗ ನಾನು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದೆ. ಕರ್ಮವೆಲ್ಲ ಮುಗಿದು ನೆಂಟರು ಹೊರಟುಹೋದ ಮಧ್ಯಾಹ್ನ, ಅಮ್ಮ ಅಜ್ಜಿಯ ಸೀರೆಗಳನ್ನು ಮಡಿಸುತ್ತಿದ್ದಳು. ಇನ್ನು ಹೇಳಿದರೆ ತಪ್ಪಿಲ್ಲ ಎನ್ನಿಸಿ, ಬಸ್ಸಿನ ವಿಷಯವನ್ನು ಅಜ್ಜಿ ನನಗೆ ಹೇಳಿದಂತೆಯೇ ಅವಳಿಗೆ ಹೇಳಿದೆ. ಅಮ್ಮ ಮಡಿಸುವುದನ್ನು ನಿಲ್ಲಿಸಲಿಲ್ಲ.

'ನಂಗೆ ಗೊತ್ತಿತ್ತು,' ಎಂದಳು. 'ಬಸ್ಸಲ್ಲೇ ಕಾಲು ಮುಟ್ಟಿ ನೋಡಿದ್ದೆ. ತಣ್ಣಗಿತ್ತು. ಅತ್ತೆ ಮಲಗವ್ನೆ ಅಂದು, ಮಗೂನ ಇನ್ನೂ ಬಿಗಿಯಾಗಿ ಅವುಚ್ಕೊಂಡ್ರು. ನಾನು ಬಾಯಿ ಬಿಟ್ಟಿದ್ರೆ ಅವ್ರು ಅಲ್ಲೇ ಹೋಗ್ಬಿಡ್ತಿದ್ರು. ಹೂಂ ಅತ್ತೆ, ಮಲಗಿದಾನೆ ಅಂದೆ.'

ಇಷ್ಟು ವರ್ಷದಲ್ಲಿ ಅಜ್ಜಿಗೆ ಇದನ್ನು ಒಮ್ಮೆಯಾದರೂ ಹೇಳಿದ್ದೆಯಾ ಎಂದು ಕೇಳಿದೆ. ಅಮ್ಮ ಸೀರೆಯ ಅಂಚನ್ನು ಅಂಚಿಗೆ ಕೂಡಿಸಿ, ಅಂಗೈಯಿಂದ ಒತ್ತಿ ಸಮ ಮಾಡಿದಳು.

'ಅವ್ರು ಕೇಳ್ಲಿಲ್ಲ,' ಎಂದಳು.